ಗಿಲೀಟು ಗುಂಡು

ಸೀಸಕ್ಕೆ ತೆಳ್ಳಗೆ ತಾಮ್ರದ ನೀರು ಕುಡಿಸಿದ ಅಗ್ಗದ ಗುಂಡು ಕೊಳ್ಳುವವರನ್ನು ಕಂಡರೆ ಹಾರ್ಲನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲೇ ಕೂತು ಪಿಸ್ತೂಲಿನ ತೋಟಾ ಕಟ್ಟುವವನಿಗೆ ಮಾನ ಮರ್ಯಾದೆ ಇದ್ದರೆ, ದಪ್ಪ ತಾಮ್ರದ ಕವಚವಿದ್ದು ಮೂತಿಯಲ್ಲಿ ಗುಳಿಯಿರುವ, ಮೈಗೆ ಹೊಕ್ಕೊಡನೆ ಅರಳುವ ಗುಂಡನ್ನೇ ಕೊಳ್ಳಬೇಕು. ಐಡಹೋದ ಆ ಸಣ್ಣ ಊರಿನಲ್ಲಿ ಅಂಥವನು ತಾನೊಬ್ಬನೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಅಂದು ಬಂದೂಕಿನ ಅಂಗಡಿಯಲ್ಲಿ ಪಕ್ಕದ ಮನೆಯ ಕ್ಲೈಡ್ ಅಗ್ಗದ ಗುಂಡಿನ ಡಬ್ಬಿ ಹಿಡಿದು ನಿಂತಿದ್ದ.

"ಏನೋ ಕ್ಲೈಡ್, ಗಿಲೀಟು ಒಡವೆ ತಗೊಂಡ್ಯಾ? ಗುಂಡು ಕೂರಿಸಿ ತೋಟಾ ಬಾಯಿ ಚೂರು ಬಿಗಿ ಮಾಡಿದ್ರೆ ಸಾಕು, ತಾಮ್ರದ ಸಿಪ್ಪೆ ಕಿತ್ಕೊಂಡು ಬರುತ್ತೆ."

"ಹಗುರಕ್ಕೆ ಬಿಗೀತೀನಿ ಬಿಡು ಮಾರಾಯ. ಶನಿವಾರ ಮೈದಾನದಲ್ಲಿ ಹೊಡೆಯೋದು ಕಾಗದದ ಗುರಿಗೆ ತಾನೆ? ಇಷ್ಟು ಸಾಲ್ದಾ?"

"ಕಾಗದಕ್ಕೆ ಹೊಡೆಯೋದು ನಿಮ್ಮಂಥ ಕೈಲಾಗದೋರು. ನಾನು ತೋಟಾ ಕಟ್ಟೋದು ನನ್ನ ಮನೆಗೆ ನುಗ್ಗೋನಿಗೆ. ಇಪ್ಪತ್ತು ವರ್ಷದಿಂದ ಕಾಯ್ತಾ ಇದ್ದೀನಿ, ಬರ್ಲಿ ನೋಡ್ತೀನಿ!"

ಹಾರ್ಲನ್ ಆರಿಸಿಟ್ಟ ದುಬಾರಿ ಪೆಟ್ಟಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ ಅಂಗಡಿಯೊಡತಿ ಟ್ವಿಲಾ, ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

"ಹೋದ ತಿಂಗಳು ಹಿತ್ತಲಲ್ಲಿ ಮಾಂಸ ಸುಡ್ತೀನಿ, ಊಟಕ್ಕೆ ಬನ್ನಿ ಅಂತ ಇಡೀ ಬೀದೀನೇ ಕರೆದಿದ್ಯಲ್ಲ ಹಾರ್ಲನ್, ಎಷ್ಟು ಜನ ಬಂದ್ರು?"

ಕ್ಲೈಡ್ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ.

ಟ್ವಿಲಾ ಚೀಲವನ್ನು ಹಾರ್ಲನ್ ಕಡೆಗೆ ತಳ್ಳಿದಳು.

"ಕರೆದೋರೇ ಬರ್ಲಿಲ್ಲ. ಕರೀದೆ ಇರೋನು ಯಾಕಪ್ಪ ಬರ್ತಾನೆ ನಿನ್ ಮನೆಗೆ?"