ಕೊಯ್ಲಿನ ವಾರ

ಅಮೆರಿಕದ ಮಿನೆಸೋಟಾದ ಉತ್ತರದಂಚಿನಲ್ಲಿ, ಸರೋವರದ ದಂಡೆಯ ಮೇಲೆ, ಓಜಿಬ್ವೆ ಮೂಲನಿವಾಸಿಗಳು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡ ಕಾಲೇಜು ಅದು. ಅದರ ಪ್ರಾಂಶುಪಾಲೆ ವರ್ನಾ ಎದುರು ಕುಳಿತ ಅಧಿಕಾರಿಯ ಪೆನ್ನನ್ನೇ ನೋಡುತ್ತಿದ್ದಳು. ವಾಷಿಂಗ್ಟನ್ನಿನಿಂದ ಬಂದ ಹಾಲಿಸ್ ಒರಟನಾಗಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವನು ಒಳ್ಳೆಯವನಾಗಿದ್ದ.

ಅನುದಾನದ ಹೊಸ ನಿಯಮದ ಕರಡು ಸರಳವಾಗಿತ್ತು. ಈ ವರ್ಷದಿಂದಲೇ, ಸೆಪ್ಟೆಂಬರಿನ ಮೊದಲ ವಾರ ತರಗತಿಯಲ್ಲಿ ಕಂಡ ತಲೆಗಳಿಗಷ್ಟೇ ಹಣ. ಆದರೆ ಸರೋವರದ ಕಾಡುಭತ್ತ ಮಾಗುವುದೂ ಆ ದಿನಗಳ ಆಸುಪಾಸಿನಲ್ಲೇ. ಆಗ ಹುಡುಗರು, ಮೇಷ್ಟರು, ಕಸಗುಡಿಸುವವರು ಎಲ್ಲರೂ ದೋಣಿಗಳಲ್ಲಿ, ನೀರಿನ ನಡುವೆ ತಾನೇ ಬೆಳೆದ ತೆನೆಗಳನ್ನು ಬಾಗಿಸಿ ಕೋಲಿನಿಂದ ಬಡಿಯುತ್ತಿರುತ್ತಾರೆ. ಖಾಲಿ ಬೆಂಚುಗಳನ್ನು ಎಣಿಸಿಕೊಂಡು ಹೋದರೆ ಕಾಲೇಜು ಇನ್ನೊಂದು ಚಳಿಗಾಲ ದಾಟದು. ಇದನ್ನೆಲ್ಲ ಹಾಲಿಸ್ ತಾಳ್ಮೆಯಿಂದ ಕೇಳಿದ.

"ನಿಮ್ಮ ಕೊಯ್ಲು ಯಾವ ವಾರ ಅಂತ ಹೇಳಿಬಿಡಿ ಮೇಡಂ. ಅದನ್ನ ಬಿಟ್ಟು ಎಣಿಸ್ತೀವಿ ಅಂತ ಈಗಲೇ ಬರ್ಕೋತೀನಿ. ನಿಯಮ ಅಂದ್ಮೇಲೆ ಒಂದು ತಾರೀಕು ಬೇಕಲ್ವಾ?"

ಆ ದಿನವನ್ನು ಹೇಳುವ ಹಕ್ಕು ವರ್ನಾಳ ಪಕ್ಕದಲ್ಲಿ ಕೂತ ಅವಳ ಸೋದರಮಾವ ಎಮ್ಮೆಟ್‌ನದು. ಅವನು ದೋಣಿಯಲ್ಲಿ ಹೋಗಿ, ತೆನೆ ಮುಟ್ಟಿ ನೋಡಿ ಬಂದು ನುಡಿಯುವ ಮುನ್ನ ಆ ದಂಡೆಯಲ್ಲಿ ಯಾರೂ ತಮಾಷೆಗೂ ದಿನ ಹೆಸರಿಸರು. ಹೆಸರಿಸಿದರೆ ಗಾಳಿ ಎದ್ದು ಕಾಳೆಲ್ಲ ನೀರುಪಾಲಾಗುತ್ತದೆಂದು ನಂಬಿದವರು.

ಹಾಲಿಸ್ ಮುದುಕನನ್ನೂ ಕೇಳಿದ. ಎಮ್ಮೆಟ್ ಕಾಫಿಯ ಲೋಟದೊಳಗೆ ಇಣುಕಿದ. "ನಾನು ಭತ್ತದ ಆಳು ಸಾರ್, ಯಜಮಾನ ಅಲ್ಲ. ಅದು ನನಗೆ ರಜೆ ಅರ್ಜಿ ಕೊಡೋದಿಲ್ಲ."

ಎಣಿಕೆಯನ್ನು ಅಕ್ಟೋಬರಿಗೆ ತಳ್ಳಲಾಗದೇ ಎಂದು ಅವಳು ಬೇಡಿದಳು. ಸೆಪ್ಟೆಂಬರಿನ ನಡುವೆಯೇ ಪಟ್ಟಿ ತನ್ನ ಕಚೇರಿ ಸೇರಲೇಬೇಕು, ಹೆಚ್ಚೆಂದರೆ ಎಣಿಕೆಯನ್ನು ಒಂದು ವಾರ ಮುಂದೆ ಹಾಕಬಹುದು ಎಂದ ಹಾಲಿಸ್. ಪೆನ್ನು ಕಾಯುತ್ತಿತ್ತು. ಕಿಟಕಿಯಾಚೆ ನೀರು ಅಲುಗದೆ ಮಲಗಿತ್ತು. ಆ ನಿಶ್ಚಲತೆಯೇ ಕಿವಿಗೊಟ್ಟು ಕೇಳುತ್ತಿರುವಂತೆ ಅವಳಿಗೆ ಕಂಡಿತು.

"ಮೊದಲ ವಾರ," ಎಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಹಾಲಿಸ್‌ಗೆ ಕೇಳಿಸಿತು. ಎರಡನೆಯ ವಾರ ಎಣಿಕೆ ಎಂದು ಬರೆದುಕೊಂಡು, ಸಂತೋಷದಿಂದ ಅವಳ ಕೈಕುಲುಕಿ ಹೊರಟ.

ಎಮ್ಮೆಟ್ ಟೋಪಿ ಹಾಕಿಕೊಂಡ. ಬೈಯಲಿಲ್ಲ. "ವಾಷಿಂಗ್ಟನ್ನಿಗೆ ಹೇಳಾಯ್ತು. ಬಾ, ಇನ್ನು ಭತ್ತಕ್ಕೂ ಹೇಳು."

ಅವನು ಹುಟ್ಟು ಹಾಕಿದ. ಅವಳು ದೋಣಿಯ ಮುಂದೆ ಕೂತಳು. ಮೊದಲ ವಾರಕ್ಕೆ ಎರಡೇ ದಿನ ಉಳಿದಿತ್ತು. ತೆನೆಗಳ ನಡುವೆ ಅವನು ದೋಣಿ ನಿಲ್ಲಿಸಿದ. ವರ್ನಾ ಒಂದು ಕಾಳು ಕಿತ್ತು ಉಗುರುಗಳ ನಡುವೆ ಒತ್ತಿದಳು. ಬಿಳಿಯ ಹಾಲು ಒಸರಿ ಬೆರಳಿಗಂಟಿತು. ಇನ್ನೊಂದು ತೆನೆಗೆ ಕೈ ಚಾಚಿದಳು, ಮತ್ತೊಂದಕ್ಕೆ. ಎಲ್ಲದರಲ್ಲೂ ಹಾಲೇ. ಇದು ಮಾಗುವುದು ಎಣಿಕೆಯ ವಾರಕ್ಕೆ.