ಗುಡಾರದೊಳಗಿನ ಕಿವಿ

ನಮ್ಮ ಯಾರ್ಕ್ ಪರ್ಯಾಯ ದ್ವೀಪದ ತಾಮ್ರದ ಗಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ಗಣಿಯವರು ಕಟ್ಟಿದ ತುತ್ತೂರಿ ಬ್ಯಾಂಡುಗಳು ಇನ್ನೂ ಗಟ್ಟಿಯಾಗಿವೆ. ನಮ್ಮ ಕಡೆಯವರು ಏನನ್ನು ಬೇಕಾದರೂ ಬಿಟ್ಟಾರು, ಊರ ಬ್ಯಾಂಡಿನ ಮಾನ ಬಿಡುವವರಲ್ಲ. ವರ್ಷಕ್ಕೊಮ್ಮೆ, ಈಸ್ಟರ್ ಮುಗಿದ ಶನಿವಾರ, ಪುರಭವನದಲ್ಲಿ ಸ್ಪರ್ಧೆ. ಎಲ್ಲ ಬ್ಯಾಂಡಿನವರೂ ಅದೇ ಒಂದು ಕೃತಿಯನ್ನು ನುಡಿಸಬೇಕು. ತೀರ್ಪುಗಾರ ಸಭಾಂಗಣದ ನಡುವೆ ನಾಲ್ಕೂ ಕಡೆ ದಪ್ಪ ಬಟ್ಟೆ ಕಟ್ಟಿದ ಗುಡಾರದೊಳಗೆ ಕೂತು ಕೇಳಬೇಕು. ನುಡಿಸುತ್ತಿರುವವರು ಯಾರೆಂದು ಅವನಿಗೆ ಕಾಣಬಾರದು. ಯಾಕೆಂದರೆ ಇಲ್ಲಿ ಎಲ್ಲರೂ ಎಲ್ಲರಿಗೂ ಸಂಬಂಧಿಕರು. ನೆಂಟಸ್ತಿಕೆಯಿಲ್ಲದ ತೀರ್ಪುಗಾರನೇ ಬೇಕೆಂದರೆ ಹಡಗಿನಲ್ಲಿ ತರಿಸಬೇಕಾಗುತ್ತದೆ. ಹಡಗಿಗಿಂತ ಬಟ್ಟೆ ಅಗ್ಗ.

ಈ ಸಲ ಗುಡಾರದಲ್ಲಿ ಕೂತವನು ಜಾಬೆಜ್ ನ್ಯಾನ್ಕಿವೆಲ್, ಎಲ್ಲರ ಬಾಯಲ್ಲಿ ಜಾಬೆಜಜ್ಜ. ಈ ಸೀಮೆಯ ಅರ್ಧಕ್ಕರ್ಧ ಬ್ಯಾಂಡಿನವರಿಗೆ ತುತ್ತೂರಿ ಹಿಡಿಯಲು ಕಲಿಸಿದವನು. ತನ್ನ ಕಿವಿಯ ಬಗ್ಗೆ ಅವನಿಗಿದ್ದ ಜಂಬ ಸಣ್ಣದಲ್ಲ. ಆ ಜಂಬಕ್ಕೆ ತಕ್ಕವನೂ ಹೌದು ಅನ್ನಿ. ಅವನು ಹೇಳಿದ್ದನ್ನು ಬರೆದುಕೊಳ್ಳಲು ಪಕ್ಕದಲ್ಲಿ ಕೂತವಳು ಲವ್‌ಡೇ, ತೀರಿಕೊಂಡ ಹೆಂಡತಿಯ ತಂಗಿ. ಅವಳೂ ಬ್ಯಾಂಡಿನಲ್ಲಿ ಊದಿ ಹಣ್ಣಾದವಳು, ಭಾವನ ಮುಂದೆ ನಾಲಿಗೆ ಬಿಗಿಹಿಡಿದು ಗೊತ್ತಿಲ್ಲದವಳು.

ಬೆಳಗಿನಿಂದ ಅಜ್ಜನಿಗೆ ಒಂದೇ ಚಿಂತೆ. ಪೆಂಗೆಲ್ಲಿ ಎಂಬ ಊರಿನ ಬ್ಯಾಂಡಿಗೆ ನಾಯಕಿಯಾಗಿ ಮೊಮ್ಮಗಳು ಕೆರೆನ್ಸಾ ಮೊದಲ ಸಲ ಬಂದಿದ್ದಳು. ಹುಡುಗಿಯೊಬ್ಬಳ ಕೈಗೆ ಬ್ಯಾಂಡು ನಡೆಸುವ ಕೋಲು ಹೋದದ್ದಕ್ಕೆ ಪೆಂಗೆಲ್ಲಿಯ ಹಿರಿಯರು ಮುಖ ಸಿಂಡರಿಸಿ, ಕೊನೆಗೆ ಕರಾರು ಹಾಕಿದ್ದರು: ಸ್ಪರ್ಧೆ ಗೆದ್ದರೆ ಬ್ಯಾಂಡು ಅವಳದು, ಇಲ್ಲವಾದರೆ ಕೋಲು ಬೇರೆಯವರಿಗೆ. ತಾನೇ ತೀರ್ಪುಗಾರನೆಂದು ಗೊತ್ತಾದ ದಿನದಿಂದ ಅಜ್ಜ ಅವಳ ಅಭ್ಯಾಸದ ಕಡೆ ತಲೆಹಾಕಿರಲಿಲ್ಲ. ಫೋನಿನಲ್ಲೂ ಮಳೆ ಬಿಸಿಲು ಬಿಟ್ಟು ಬೇರೆ ಮಾತಿಲ್ಲ.

ಎರಡು ಬ್ಯಾಂಡುಗಳು ನುಡಿಸಿ ಹೋದವು. ಅಜ್ಜ ಹೇಳಿದ, ಲವ್‌ಡೇ ಬರೆದಳು. ಮುಂದಿನವರು ಶುರುಮಾಡಲಿ ಎಂದು ಅಜ್ಜ ಸೀಟಿ ಊದಿದ.

ಮೂರನೆಯ ಬ್ಯಾಂಡಿನ ಮೊದಲ ಸಾಲಿಗೇ ಅವನ ಬೆನ್ನು ನೆಟ್ಟಗಾಯಿತು. ನಿಧಾನ, ಗಂಭೀರ. ಸ್ವರ ಏರುವ ಮುಂಚೆ ಎಲ್ಲರೂ ಒಟ್ಟಿಗೆ ಎದೆ ತುಂಬ ಉಸಿರು ಎಳೆದುಕೊಳ್ಳುತ್ತಿದ್ದರು. ಅದು ಅವನ ಪಾಠ. ಅಡುಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸಿ ಪುಟ್ಟ ಕೆರೆನ್ಸಾಳಿಗೆ ಹೇಳಿಕೊಟ್ಟ ಪಾಠ. ಇವಳೇ, ಸಂಶಯವೇ ಇಲ್ಲ. ಅಜ್ಜನ ಕಣ್ಣು ತುಂಬಿತು. ಮರುಗಳಿಗೆಯೇ ಹೆದರಿಕೆ ಹತ್ತಿತು. ಮೊಮ್ಮಗಳೆಂದು ಕಿವಿ ಮೆತ್ತಗಾದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಹಲ್ಲು ಕಚ್ಚಿ ತಪ್ಪು ಹುಡುಕಲು ಕೂತ. ಹಟ ತೊಟ್ಟು ಹುಡುಕಿದರೆ ಸಿಗದೇ ಇರುತ್ತದೆಯೇ, ಬೇಕಾದಷ್ಟು ಸಿಕ್ಕವು.

"ಬರ್ಕೋ. ಡೋಲು ಜೋರಾಯ್ತು. ಎರಡನೇ ಸಾಲಿನ ಕಾರ್ನೆಟ್ ತುತ್ತೂರಿಯೋರು ಸ್ವರ ಬಿಡೋದು ತಡ. ಮಧ್ಯ ಶ್ರುತಿ ಇಳೀತು. ಕೊನೇಲಿ ಎಳೆದಾಟ. ನೂರಕ್ಕೆ ಎಪ್ಪತ್ತೊಂಬತ್ತು."

ಲವ್‌ಡೇ ಪೆನ್ನು ಮೇಲೆತ್ತಿದಳು. "ಎಷ್ಟಂದ್ರಿ?"

"ಎಪ್ಪತ್ತೊಂಬತ್ತು. ಕಿವಿ ಕೇಳ್ಸಲ್ವಾ?"

"ನನ್ನ ಕಿವಿ ಚೆನ್ನಾಗೇ ಇದೆ ಭಾವ. ಮೊದಲನೇವ್ರು ಡೋಲನ್ನ ಇದಕ್ಕಿಂತ ಜೋರಾಗಿ ಬಡಿದ್ರು. ಆಗ ತಲೆ ಆಡಿಸ್ಕೊಂಡು ಕೂತಿದ್ರಿ. ಅವ್ರಿಗೆ ಎಂಬತ್ತೆಂಟು ಕೊಟ್ರಿ."

"ಅದು ಬೇರೆ, ಇದು ಬೇರೆ."

"ಯಾಕೆ ಬೇರೆ? ಯಾರು ಇವ್ರು?"

ಅಜ್ಜ ತಟ್ಟೆಯಲ್ಲಿದ್ದ ಪಾಸ್ಟಿ ಕಡುಬಿನ ಅಂಚು ಮುರಿದು ಬಾಯಿಗೆ ಹಾಕಿಕೊಂಡ.

"ಓಹೋ," ಎಂದಳು ಲವ್‌ಡೇ, "ಕೆರೆನ್ಸಾ ಅನ್ಕೊಂಡಿದೀರಾ."

"ಅನ್ಕೊಳ್ಳೋದೇನು ಬಂತು, ಅವಳೇ. ಆ ಉಸಿರು ನಾನು ಕಲಿಸಿದ್ದು."

"ಅದಕ್ಕೆ ಮಗೂನ ಹಿಡಿದು ಚಚ್ಚಿದ್ರಿ. ನನ್ನವಳು ಅಂತ ಜಾಸ್ತಿ ಕೊಟ್ರೂ ಮೋಸಾನೇ, ನನ್ನವಳು ಅಂತ ಕಡಿಮೆ ಕೊಟ್ರೂ ಮೋಸಾನೇ ಭಾವ. ಹೊರಗಡೆ ಯಾರೂ ಕಾಣಬಾರ್ದು ಅಂತ ಬಟ್ಟೆ ಕಟ್ಟಿದ್ದಾರೆ. ನೀವು ಕಣ್ಮುಚ್ಚಿ ಒಳಗೇ ಕಂಡ್ಕೊಂಡ್ರೆ ಪಾಪ ಬಟ್ಟೆ ಏನ್ಮಾಡತ್ತೆ?"

ಅಜ್ಜನಿಗೆ ಮೈ ಉರಿಯಿತು. ಅಂಥ ಮಾತು ಬೇರೆ ಯಾರಾದರೂ ಆಡಿದ್ದರೆ ಗುಡಾರ ಕಿತ್ತುಬರುವಂತೆ ಕೂಗಾಡುತ್ತಿದ್ದ. ಈಗ ಸೀಟಿಯ ಮೇಲೆ ಸಿಟ್ಟು ತೀರಿಸಿಕೊಂಡ. ನಾಲ್ಕನೆಯವರು ನುಡಿಸಿದ್ದು ಸಾಧಾರಣ, ಹಾಗೆಂದೇ ಬರೆಸಿದ.

ಕೊನೆಗೆ ಐದನೆಯವರು ಬಂದರು. ಕೃತಿ ಅದೇ, ಆದರೆ ಹಾಗೆ ನುಡಿಸಿದ್ದನ್ನು ಅವನು ಈ ಜನ್ಮದಲ್ಲಿ ಕೇಳಿರಲಿಲ್ಲ. ಎಲ್ಲರೂ ಎಳೆಯುವ ಕಡೆ ಇವರು ಓಡಿದರು. ಎಲ್ಲರೂ ಅಬ್ಬರಿಸುವ ಕಡೆ ಮಗುವನ್ನು ಮಲಗಿಸುವಷ್ಟು ಮೆತ್ತಗಾದರು. ಅಜ್ಜನ ಕಾಲು ತಾನಾಗಿ ನೆಲ ಕುಟ್ಟತೊಡಗಿತು. ಇಂಥ ಧೈರ್ಯ ನಮ್ಮ ಸೀಮೆಯದಲ್ಲ, ದೊಡ್ಡ ಪಟ್ಟಣ ಅಡಿಲೇಡಿನ ಕಡೆಯವರು ಯಾರೋ ಇರಬೇಕು ಎಂದುಕೊಂಡ. ಹಾಗೆಂದುಕೊಂಡದ್ದೇ ಮನಸ್ಸು ಹಗುರಾಗಿ, ಧಾರಾಳವಾಗಿ ಹೇಳಿದ: "ತೊಂಬತ್ತೈದು."

ಹಾಳೆಗಳನ್ನು ಹೊರಗೆ ಕೊಡುವ ಹೊತ್ತಾಯಿತು. ಅಜ್ಜ ಕೊಡಲಿಲ್ಲ. ಲವ್‌ಡೇ ಆಡಿದ ಮಾತು ಒಳಗೆ ಚುಚ್ಚುತ್ತಲೇ ಇತ್ತು. ಮೂರನೆಯದನ್ನು ಈಗ ಏರಿಸಿದರೆ ಮೊಮ್ಮಗಳಿಗಾಗಿ ಏರಿಸಿದಂತೆ. ಹಾಗೇ ಬಿಟ್ಟರೆ ಮೊಮ್ಮಗಳೆಂಬ ಒಂದೇ ಕಾರಣಕ್ಕೆ ತುಳಿದಂತೆ. ತನ್ನ ತಲೆಯನ್ನು ತಾನೇ ನಂಬುವಂತಿಲ್ಲವಲ್ಲ ಎಂದು ಮೊದಲ ಸಲ ಅನ್ನಿಸಿತು.

"ಲವ್‌ಡೇ, ಹಾಳೆಗಳನ್ನ ಕಲಸಿಬಿಡು. ಎಷ್ಟನೇವ್ರು ಅಂತ ಹೇಳ್ಬೇಡ. ತಪ್ಪು ಮಾತ್ರ ಒಂದೊಂದೇ ಓದು, ಯಾವುದಕ್ಕೆ ಎಷ್ಟು ಕಳೀಬೇಕು ಅಂತ ಹೇಳ್ತೀನಿ. ನಾನು ಬಿಟ್ಟು ನಿನ್ನ ಕಿವಿಗೆ ಬಿದ್ದಿದ್ದಿದ್ರೆ ಅದನ್ನೂ ಸೇರಿಸು."

"ಬೇಜಾರು ಮಾಡ್ಕೋಬಾರ್ದು."

"ಮಾಡ್ಕೋತೀನಿ. ನೀನು ಓದು."

ಅವಳು ಓದಿದಳು. ಜೋರು ಡೋಲಿಗೆ ಇಷ್ಟು ಎಂದಮೇಲೆ ಅದು ಎಲ್ಲರ ಡೋಲಿಗೂ ಅಷ್ಟೇ ಆಯಿತು. ಓಟದಲ್ಲಿ ಎರಡು ಸ್ವರ ನುಂಗಿದವರ ವಿಷಯ ಬಂದಾಗ ಅಜ್ಜ, "ಯಾರದು, ನಂಗೆ ಕೇಳಿಸ್ಲೇ ಇಲ್ವಲ್ಲ," ಎಂದ.

"ಹೇಗೆ ಕೇಳ್ಸತ್ತೆ? ಕಾಲು ಕುಟ್ತಿದ್ರಲ್ಲ."

ಎಲ್ಲ ಕೂಡಿ ಕಳೆದು ನೋಡಿದರೆ ಐದನೆಯವರಿಗೆ ತೊಂಬತ್ತಮೂರು, ಮೂರನೆಯವರಿಗೆ ತೊಂಬತ್ತೆರಡು. ಒಂದೇ ಒಂದು ಅಂಕ. ಅದನ್ನು ಅತ್ತಿತ್ತ ಸರಿಸಿದರೆ ಕೆರೆನ್ಸಾಳ ಕೈಯಲ್ಲಿ ಕೋಲು ಉಳಿಯುತ್ತದೆ, ಸರಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದಿತು ಅಜ್ಜನ ಮನಸ್ಸು. ಅಜ್ಜ ಸಹಿ ಹಾಕಿದ. ಹಾಳೆಗಳನ್ನು ಹೊರಗೆ ಕೊಟ್ಟ. ಲವ್‌ಡೇ ಅವನ ಬೆನ್ನ ಮೇಲೆ ಕೈಯಿಟ್ಟಳು.

ಗುಡಾರದಿಂದ ಹೊರಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಾಗ, ವೇದಿಕೆಯ ಮೇಲಿದ್ದ ಅಧ್ಯಕ್ಷರು ಓದುತ್ತಿದ್ದರು. ಎರಡನೆಯ ಸ್ಥಾನ, ಮೂರನೆಯದಾಗಿ ನುಡಿಸಿದ ಕೊಲ್ಲಿಯೂರಿನ ಬ್ಯಾಂಡು, ನಾಯಕ ಡಿಗರಿ ರೋಸ್‌ವಾರ್ನ್. ತಲೆ ನರೆತ ಡಿಗರಿ ಎದ್ದು ನಿಂತು ಅಜ್ಜನ ಕಡೆ ನೋಡಿ ಬಾಗಿದ. ಅವನಿಗೂ ಉಸಿರು ತುಂಬಿಕೊಳ್ಳುವುದನ್ನು ಕಲಿಸಿದವನು ಜಾಬೆಜಜ್ಜನೇ. ಅಜ್ಜ ಬಾಯಿ ಬಿಟ್ಟುಕೊಂಡು ನಿಂತ. ಮೊದಲ ಸ್ಥಾನ, ಕೊನೆಯದಾಗಿ ನುಡಿಸಿದ ಪೆಂಗೆಲ್ಲಿ.

ಪುರಭವನದಲ್ಲಿ ಕಿವಿಗಡಚಿಕ್ಕುವ ಚಪ್ಪಾಳೆ. ಕೆರೆನ್ಸಾ ಕೋಲು ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿಬಂದಳು. ಅವಳ ಹಿಂದೆ ಆ ಕರಾರು ಹಾಕಿದ ಪೆಂಗೆಲ್ಲಿಯ ಹಿರಿಯ ಸೈಲಸ್ ಬೊಲಿಥೋ, ಕೋಟಿನ ಜೇಬಿನಿಂದ ಕೈ ತೆಗೆಯದೆ ಬಂದ.

"ಜಾಬೆಜ್, ನಿನ್ನ ಕಿವಿ ಎಂಥದ್ದು ಅಂತ ನಮಗೆ ಗೊತ್ತಿಲ್ವಾ," ಎಂದ ನಾಲ್ಕು ಜನಕ್ಕೆ ಕೇಳುವ ಹಾಗೆ. "ಹತ್ತು ಬಟ್ಟೆ ಕಟ್ಟಿದ್ರೂ ನಿಮ್ಮ ಮನೆಯವರನ್ನ ಗುರುತು ಹಿಡೀತೀಯಪ್ಪ ನೀನು."

ಹತ್ತಿರವಿದ್ದವರ ಚಪ್ಪಾಳೆ ನಿಂತಿತು. ಕೆರೆನ್ಸಾಳ ಮುಖ ಬಾಡಿಹೋಯಿತು. "ಅಜ್ಜ, ಹೌದಾ? ನಾವೇ ಅಂತ ಗೊತ್ತಿತ್ತಾ ನಿಂಗೆ?"

ಅಜ್ಜ ಎದೆ ಸೆಟೆಸಿ, ಮೇಲಿನ ಸಾಲಿನ ಕೊನೆಯವನಿಗೂ ಕೇಳುವಂತೆ ಹೇಳಿದ:

"ಇಲ್ಲ ಕಂದ. ಡಿಗರಿದು ಕೇಳಿ ನೀನೇ ಅಂತ ಅನ್ಕೊಂಡೆ. ನಿನ್ನದು ಕೇಳಿ ಅಡಿಲೇಡಿನೋರು ಯಾರೋ ಅನ್ಕೊಂಡೆ. ಲವ್‌ಡೇ ಪಕ್ಕದಲ್ಲೇ ಇದ್ಲು, ಬೇಕಿದ್ರೆ ಅವಳನ್ನೇ ಕೇಳು ಸೈಲಸ್. ನನ್ನ ಮೊಮ್ಮಗಳನ್ನ ನನಗೇ ಗುರುತು ಹಿಡಿಯೋಕಾಗ್ಲಿಲ್ಲ."

ಬದುಕಿಡೀ ತನ್ನ ಕಿವಿಯನ್ನು ಹೊಗಳಿಕೊಂಡು ಬಂದ ಜಾಬೆಜಜ್ಜ ಅಷ್ಟು ಹೆಮ್ಮೆಯಿಂದ ಯಾವ ಮಾತನ್ನೂ ಆಡಿದ್ದಿಲ್ಲ.