ಕೆಲಸಕ್ಕೆ ಸಿದ್ಧಳಿದ್ದೇನೆ

ಬೂಟಿನ ಕಾರ್ಖಾನೆಗೆ ಬೀಗ ಬಿದ್ದಾಗ ಅವಳಿಗೆ ನಲವತ್ತಮೂರು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ಬೂಟಿನ ಮೇಲಿನ ತೊಗಲು ಹೊಲಿದೇ ಕಳೆದಿದ್ದಳು. ಹೊಲಿಗೆ ವಿಭಾಗದಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದೇ ಹೆಚ್ಚು ಚೂಪು ಎಂದು ಮೇಸ್ತ್ರಿ ಇಟ್ಟ ಹೆಸರು ಅದು. ಅವಳ ಅಕ್ಕ ಅದೇ ಕಾರ್ಖಾನೆಯ ಇನ್ನೊಂದು ತುದಿಯಲ್ಲಿ ಬೂಟಿನ ತಳಕ್ಕೆ ಅಟ್ಟೆ ಅಂಟಿಸುತ್ತಿದ್ದಳು. ಅಂಟಿನ ಘಾಟಿಗೆ ಅಕ್ಕನ ಮೂಗು ಎಂದೋ ಸತ್ತುಹೋಗಿತ್ತು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗಂಡ ಬಿಟ್ಟುಹೋದ ಮೇಲೆ ಸೂಜಿ ಇದ್ದದ್ದು ಈ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ.

ಕೊನೆಯ ದಿನ ಮ್ಯಾನೇಜರು ಗೇಟಿನ ಹತ್ತಿರ ಮೇಜು ಹಾಕಿಸಿ, ಸಾಲಾಗಿ ಬಂದವರ ಕೈಗೆಲ್ಲ ಒಂದೊಂದು ಕಾಗದ ಕೊಟ್ಟ. ಬೇಗ ಸಹಿ ಹಾಕಿದವರು ಬೇಗ ಮನೆಗೆ ಹೋಗಬಹುದು ಎಂದ. ಸೂಜಿ ನಿಂತು ಓದಿದಳು. ‘ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದಿತ್ತು. ಕಾಗದವನ್ನು ಮಗುಚಿ ಮೇಜಿನ ಮೇಲಿಟ್ಟು ಹೊರಬಂದಳು. ಅಕ್ಕ ಸಹಿ ಹಾಕಿ ಬಂದಳು.

ಆ ಒಂದು ಸಹಿಯಿಂದ ಒಂದೇ ಸೂರಿನ ಕೆಳಗೆ ಎರಡು ಹಣೆಬರಹವಾಯಿತು. ತಾವಾಗಿಯೇ ಕೆಲಸ ಬಿಟ್ಟವರಿಗೆ ನಿರುದ್ಯೋಗ ಭತ್ಯೆ ಇಲ್ಲವೆಂದು ಉದ್ಯೋಗ ಕಚೇರಿಯವರು ಅಕ್ಕನನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು. ಅಕ್ಕ ಒಂದು ಬ್ಯಾಂಕಿನ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ ಹಿಡಿದಳು. ಬೆಳಿಗ್ಗೆ ಐದಕ್ಕೆ ಅವಳು ಬಾಗಿಲು ದಡಾರೆಂದು ಎಳೆದುಕೊಂಡು ಹೋಗುವ ಸದ್ದು ಹಿಂದಿನ ಕೋಣೆಗೆ ಕೇಳಲೆಂದೇ ಇದ್ದಂತಿತ್ತು.

ಸೂಜಿಗೂ ಭತ್ಯೆ ಸುಮ್ಮನೆ ಬರುತ್ತಿರಲಿಲ್ಲ. ಪ್ರತಿ ಮಂಗಳವಾರ ಹನ್ನೊಂದಕ್ಕೆ ಕಚೇರಿಯ ನಾಲ್ಕನೇ ಕಿಟಕಿಯ ಮುಂದೆ ನಿಂತು, ‘ನಾನು ಕೆಲಸಕ್ಕೆ ಸಿದ್ಧಳಿದ್ದೇನೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ಆ ವಾರ ಎಲ್ಲೆಲ್ಲಿ ಕೆಲಸ ಕೇಳಿದೆ ಎಂದು ಪಟ್ಟಿ ಕೊಡಬೇಕು. ಕಿಟಕಿಯ ಹಿಂದಿನ ಗುಮಾಸ್ತೆಗೆ ತಲೆಯೆತ್ತಿ ನೋಡುವ ಅಭ್ಯಾಸವಿರಲಿಲ್ಲ.

“ಎಷ್ಟು ಕಡೆ ಕೇಳಿದ್ರಿ?”

“ಆರು ಕಡೆ.”

“ಏನಂದ್ರು?”

“ವಯಸ್ಸಾಯ್ತು ಅಂದ್ರು.”

“ಹಾಗೆ ಬರೀಬೇಡಿ. ‘ಉತ್ತರ ಬಂದಿಲ್ಲ’ ಅಂತ ಬರೀರಿ. ವಯಸ್ಸಿಗೆ ನಮ್ಮಲ್ಲಿ ಕಾಲಂ ಇಲ್ಲ.”

“ಬೇರೆ ಏನಾದ್ರೂ ಕೆಲಸ ಕಲಿಯೋಕೆ ಕಳಿಸ್ತೀರಂತಲ್ಲ, ಅದು?”

ಗುಮಾಸ್ತೆ ಒಂದು ಹಾಳೆ ತಳ್ಳಿದಳು. ಟೈಪಿಂಗು, ಕೂದಲು ಕತ್ತರಿಸುವುದು, ಹೊಲಿಗೆ.

“ಹೊಲಿಗೆಗೆ ಸೇರ್ಕೊಳ್ಳಿ. ಮೂರು ತಿಂಗಳು.”

“ಹತ್ತೊಂಬತ್ತು ವರ್ಷ ಹೊಲಿದೋಳು ನಾನು!”

“ಸರ್ಟಿಫಿಕೇಟ್ ಇದೆಯಾ?”

ಸೂಜಿ ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಹಲ್ಲು ಕಡಿದಳು. ಅದೇ ಸಿಟ್ಟಿನಲ್ಲಿ, ಕಚೇರಿಯ ಪಟ್ಟಿಯಲ್ಲಿಲ್ಲದ ಒಂದು ತರಬೇತಿ ಕೇಂದ್ರವನ್ನು ತಾನೇ ಹುಡುಕಿ, ಫ್ರಿಜ್ ರಿಪೇರಿ ಕಲಿಯಲು ಸೇರಿಕೊಂಡಳು. ಎಂಟು ತಿಂಗಳು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು.

ಕಚೇರಿಯಲ್ಲಿ ಇದನ್ನು ಹೇಳುವ ಹಾಗಿರಲಿಲ್ಲ. ತರಗತಿಯಲ್ಲಿ ಕೂತವಳು ಕೆಲಸಕ್ಕೆ ಸಿದ್ಧಳಲ್ಲ, ಸಿದ್ಧಳಲ್ಲದವಳಿಗೆ ಭತ್ಯೆಯಿಲ್ಲ. ಕೆಲಸವಿಲ್ಲದೆ ಗೋಡೆ ನೋಡುತ್ತ ಕೂತರೆ ಕೊಡುತ್ತಾರೆ, ಕೆಲಸ ಕಲಿಯಲು ಹೋದರೆ ಕಿತ್ತುಕೊಳ್ಳುತ್ತಾರೆ. ಆದ್ದರಿಂದ ಅವಳು ಪ್ರತಿ ಮಂಗಳವಾರ ಹತ್ತೂವರೆಗೆ ತರಗತಿಯಿಂದ ನುಣುಚಿಕೊಂಡು ಬಸ್ಸು ಹಿಡಿದು, ಸಹಿ ಹಾಕಿ, ಒಂದು ಗಂಟೆಯೊಳಗೆ ವಾಪಸಾಗುತ್ತಿದ್ದಳು. ಬೆಸುಗೆ ಹಾಕಿ ಮಸಿ ಹಿಡಿದ ಬೆರಳುಗಳನ್ನು ಸೋಮವಾರ ಸಂಜೆಯೇ ಬಚ್ಚಲಲ್ಲಿ ನಿಂಬೆಹಣ್ಣಿನ ಹೋಳು ಹಚ್ಚಿ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದಳು.

ತರಗತಿಯಲ್ಲೂ ಅವಳಿಗೆ ಯಾರೂ ಮಣೆ ಹಾಕಿ ಕೂರಿಸಲಿಲ್ಲ. ಮೇಷ್ಟ್ರು ಮೊದಲ ದಿನವೇ ಎಲ್ಲರೆದುರು, “ಏನಮ್ಮಾ, ಫ್ರಿಜ್ಜಿನೊಳಗೆ ತರಕಾರಿ ಇಡೋ ಕೆಲಸ ಅಲ್ಲ ಇದು. ಹಿಂದೆ ತಿರುಗಿಸಿ ನೋಡೋ ವಿದ್ಯೆ” ಎಂದರು.

“ನಿಮ್ಮನೇಲಿ ಫ್ರಿಜ್ಜಿನ ಹಿಂದೆ ಧೂಳು ಹೊಡೆಯೋರು ಯಾರು ಮೇಷ್ಟ್ರೇ, ನೀವಾ?”

ತರಗತಿ ಗೊಳ್ಳೆಂದಿತು. ಅದಕ್ಕೆ ಮೇಷ್ಟ್ರು ತೀರಿಸಿಕೊಂಡ ಸೇಡೆಂದರೆ, ಅನಿಲದ ಒತ್ತಡ ಅಳೆಯುವ, ಮುಳ್ಳು ಅಂಟಿಕೊಂಡ ಹಳೆಯ ಗೇಜನ್ನೇ ಎಂಟು ತಿಂಗಳೂ ಅವಳ ಕೈಗೆ ಕೊಟ್ಟದ್ದು. ತಾಮ್ರದ ಕೊಳವೆಗೆ ಬೆಸುಗೆ ಹಾಕಲು ಅವಳಿಗೆ ಮೂರು ವಾರ ಬರಲಿಲ್ಲ; ಒಂದೋ ತೂತು ಉಳಿಯುತ್ತಿತ್ತು, ಇಲ್ಲವೇ ಕೊಳವೆಯೇ ಕರಗುತ್ತಿತ್ತು. ಕಂಪ್ರೆಸರಿನ ವಿಷಯ ಮಾತ್ರ ಬೇರೆ. ಹೊಲಿಗೆ ಯಂತ್ರದ ಮೇಲೆ ಅಂಗೈ ಇಟ್ಟು ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಿದ್ದವಳು ಅವಳು. ಅದೇ ಅಂಗೈಯನ್ನು ಕಂಪ್ರೆಸರಿನ ಮೇಲಿಟ್ಟರೆ ರೋಗ ತಿಳಿಯುತ್ತಿತ್ತು.

ಐದನೇ ತಿಂಗಳಲ್ಲಿ ಎದುರುಮನೆಯ ಟೀಚರಮ್ಮನ ಫ್ರಿಜ್ ನಿಂತುಹೋಯಿತು. ನಿವೃತ್ತಿಯಾದ ಒಂಟಿ ಜೀವ ಅದು. ಒಳಗೆ ಅವರ ಇನ್ಸುಲಿನ್ ಇತ್ತು. ಸೂಜಿ ಹೋಗಿ ಅಂಗೈ ಇಟ್ಟು ನೋಡಿ, ಕಂಪ್ರೆಸರನ್ನು ಚಾಲೂ ಮಾಡುವ, ಸುಟ್ಟುಹೋಗಿದ್ದ ಪುಟ್ಟ ರಿಲೇ ತೆಗೆದು, ತರಗತಿಯ ಗುಜರಿಯಲ್ಲಿ ಸಿಕ್ಕಿದ್ದನ್ನು ಹಾಕಿದಳು. ಬಿಡಿಗಾಸೂ ಮುಟ್ಟಲಿಲ್ಲ. ಮನೆಗೆ ಬಂದರೆ, ಬೆನ್ನುನೋವಿನಿಂದ ಬಸ್ಸಿನ ಡ್ರೈವರ್ ಕೆಲಸ ಬಿಟ್ಟು ಕೂತಿದ್ದ ಭಾವ, “ಮನೆಗೆ ಮಾರಿ, ಪರರಿಗೆ ಉಪಕಾರಿ. ಈ ಫ್ಯಾನು ಆರು ತಿಂಗಳಿಂದ ಕಿರ್ರೋ ಅಂತಿದೆ, ಅದು ಕಿವಿಗೆ ಬೀಳಲ್ಲ” ಎಂದ. ಅಕ್ಕ ಸೂಜಿಯ ಬೆರಳುಗಳನ್ನೇ ನೋಡುತ್ತಿದ್ದಳು.

ಹತ್ತು ದಿನಕ್ಕೆ ನೋಟೀಸು ಬಂತು. ಭತ್ಯೆ ಪಡೆಯುತ್ತಲೇ ಗುಟ್ಟಾಗಿ ರಿಪೇರಿ ಮಾಡಿ ಸಂಪಾದಿಸುತ್ತಿದ್ದೀರೆಂದು ದೂರು ಬಂದಿದೆ, ವಿಚಾರಣೆಗೆ ಹಾಜರಾಗಿ ಎಂದು.

ವಿಚಾರಣೆಯ ಕೋಣೆಯಲ್ಲಿ ಕಿಟಕಿಯೇ ಇರಲಿಲ್ಲ. ಅಧಿಕಾರಿ ತನ್ನ ಕುರ್ಚಿಯ ಮೇಲೊಂದು ದಿಂಬು ಹಾಕಿಕೊಂಡಿದ್ದ. ಅವಳಿಗೆ ಕೊಟ್ಟ ಕುರ್ಚಿಯ ಒಂದು ಕಾಲು ಗಿಡ್ಡ. ಬರೆದವರ ಹೆಸರು ಹೇಳುವಂತಿಲ್ಲ ಎಂದು ಮೊದಲೇ ತಿಳಿಸಿ, ಅವನು ಓದಿದ:

“‘ಸಹಿಗೆ ಬರುವ ಹಿಂದಿನ ಸಂಜೆ ಕೈಯ ಮಸಿ ಹೋಗಲೆಂದು ನಿಂಬೆಹಣ್ಣು ಉಜ್ಜಿಕೊಳ್ಳುತ್ತಾಳೆ.’”

ಬಚ್ಚಲಿನ ನಿಂಬೆಹೋಳು ಬೀದಿಯವರಿಗೆ ಕಾಣುವಂಥದ್ದಲ್ಲ. ಕಣ್ಣ ಮುಂದೆ ಭಾವನ ಮುಖ ಬಂತು. ಆದರೂ ಸಾವರಿಸಿಕೊಂಡು, ರಿಲೇ ಬದಲಾಯಿಸಿದ್ದಕ್ಕೆ ಒಂದು ಪೈಸೆಯನ್ನೂ ಕೊಟ್ಟಿಲ್ಲವೆಂದು ಟೀಚರಮ್ಮ ಬರೆದುಕೊಟ್ಟಿದ್ದ ಪತ್ರವನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಎರಡು ಸಲ ಓದಿದ.

“ಸರಿ. ಸಂಪಾದನೆ ಸಾಬೀತಾಗಿಲ್ಲ. ಅಂದಹಾಗೆ, ರಿಲೇ ಬದಲಾಯಿಸೋದನ್ನ ಎಲ್ಲಿ ಕಲಿತ್ರಿ?”

ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲವೆಂದಲ್ಲ. ಆದರೆ ಐದು ತಿಂಗಳು ಬೆಂಕಿಯ ಮುಂದೆ ನಿಂತು ಕಲಿತದ್ದನ್ನು ಕಲಿತಿಲ್ಲ ಅನ್ನಲು ಮನಸ್ಸು ಒಪ್ಪಲಿಲ್ಲ. ಹೇಳಿದಳು. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನೂ ಹೇಳಿದಳು.

“ಹಾಗಾದ್ರೆ ಇಷ್ಟು ದಿನ ನೀವು ಕೆಲಸಕ್ಕೆ ಸಿದ್ಧರಿರಲಿಲ್ಲ. ಸುಳ್ಳು ಸಹಿ ಹಾಕಿದ್ದೀರಿ. ಭತ್ಯೆ ಇಲ್ಲಿಗೆ ನಿಲ್ಲುತ್ತೆ.”

“ಕೆಲಸ ಕೊಡಿ, ಈಗಲೇ ತರಗತಿ ಬಿಟ್ಟು ಬರ್ತೀನಿ. ಇದೆಯಾ?”

“ಅದು ನನ್ನ ವಿಭಾಗ ಅಲ್ಲ.”

“ಕಿತ್ಕೊಳ್ಳೋದು ಮಾತ್ರ ನಿಮ್ಮ ವಿಭಾಗ.”

“ಮೇಲ್ಮನವಿ ಹಾಕ್ಕೋಬಹುದು,” ಎಂದು ಅವನು ಪೆನ್ನಿನ ಮುಚ್ಚಳ ಹಾಕಿದ.

ಮನೆಗೆ ಬಂದವಳು ಚಪ್ಪಲಿ ಬಿಡಲಿಲ್ಲ. ನೇರ ಭಾವನ ಮುಂದೆ ನಿಂತಳು.

“ಹೊಟ್ಟೆ ತಣ್ಣಗಾಯ್ತಾ ಭಾವ? ಉಂಡ ಮನೆಗೆ ಎರಡು ಬಗೆಯೋರನ್ನ ನೋಡಿದ್ದೆ. ಉಣ್ಣೋಳ ತಟ್ಟೆಗೇ ಮಣ್ಣು ಹಾಕೋರನ್ನ ಇವತ್ತು ನೋಡಿದೆ.”

“ಏನಮ್ಮಾ ಇದು? ನಾನೇನು ಮಾಡಿದೆ?” ಭಾವ ನಿಜಕ್ಕೂ ಕಕ್ಕಾಬಿಕ್ಕಿಯಾಗಿದ್ದ.

“ಅವರನ್ನ ಯಾಕೆ ಕೇಳ್ತೀಯ?” ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಅವರಿಗೆ ನೆಟ್ಟಗೆ ಒಂದು ಪತ್ರ ಬರೆಯೋಕೆ ಬರುತ್ತಾ? ಬರೆದೋಳು ನಾನು.”

ಸೂಜಿ ಅಕ್ಕನ ಕಡೆ ತಿರುಗಿದಳು.

“ಯಾಕೆ?”

“ಯಾಕಾ? ಅವತ್ತು ಆ ಕಾಗದ ಓದಿದೋಳು ನೀನು. ಸಾಲಿನಲ್ಲಿ ನಿನಗಿಂತ ಏಳು ಜನ ಹಿಂದೆ ನಾನಿದ್ದೆ. ತಿರುಗಿ ನನ್ನ ಮುಖ ನೋಡಿದೆ ನೀನು. ನೋಡಿದೆಯೋ ಇಲ್ವೋ, ಹೇಳು.”

“ನೋಡಿದೆ.”

“ಒಂದು ಕೂಗು ಹಾಕಿದ್ರೆ ಸಾಕಿತ್ತು. ‘ಅಕ್ಕಾ, ಬೇಡ’ ಅಂತ. ಎರಡು ಮಾತು. ಊರಿಗೆಲ್ಲಾ ನಾಲಿಗೆ ಹರಿಬಿಡ್ತೀಯ, ಅವತ್ತು ಯಾಕೆ ಹೊರಡಲಿಲ್ಲ?”

ಅವತ್ತು ಬೆಳಿಗ್ಗೆ ಬಚ್ಚಲಿಗೆ ಮೊದಲು ಯಾರು ಹೋಗಬೇಕೆಂದು ಅಕ್ಕತಂಗಿಯರು ಜಗಳವಾಡಿದ್ದರು. ಅಷ್ಟೇ ಕಾರಣ. ಅಕ್ಕನ ಕೈಯಲ್ಲಿ ಪೆನ್ನು ಕಂಡಾಗ, ‘ದೊಡ್ಡವಳಲ್ಲವೇ, ತಾನೇ ಓದಿಕೊಳ್ಳಲಿ’ ಎಂದುಕೊಂಡು ಸೂಜಿ ಮುಂದೆ ನಡೆದಿದ್ದಳು. ಈ ಮಾತನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ.

“ನಾನು ಬೆಳಗಾಗೋ ಮುಂಚೆ ಕಂಡೋರ ನೆಲ ಒರೆಸಿ ಬರ್ತೀನಿ,” ಅಕ್ಕ ಹೇಳಿದಳು, “ನೀನು ನನ್ನ ಬಚ್ಚಲಲ್ಲಿ ನಿಂತು ನಿಂಬೆಹಣ್ಣು ಉಜ್ಕೋತೀಯ. ನೋಡಿ ನೋಡಿ ಸಾಕಾಯ್ತು.”

“ಹಾಗಂತ ಬೆನ್ನಿಗೆ ಚೂರಿ ಹಾಕ್ತೀಯಾ?”

“ನೀನು ಹಾಕಿದ್ದೇನು, ಹೂವಾ?”

ಆ ವಾರವೇ ಸೂಜಿ ಗಂಟುಮೂಟೆ ಕಟ್ಟಿದಳು. ದೂರವೇನೂ ಹೋಗಲಿಲ್ಲ; ಟೀಚರಮ್ಮನ ಮನೆಯಲ್ಲಿ ಬೀದಿಯ ಕಡೆಗಿದ್ದ ಕೋಣೆ ಬಾಡಿಗೆಗೆ ಸಿಕ್ಕಿತು. ಮರುದಿನವೇ ಅಕ್ಕ ತನ್ನ ಕಿಟಕಿಗೆ ದಪ್ಪನೆಯ ಪರದೆ ಹಾಕಿಸಿದಳು. ಇನ್ನು ಸಂಪಾದಿಸಬಾರದೆನ್ನುವವರು ಯಾರೂ ಇರಲಿಲ್ಲ. ತರಗತಿ ಮುಗಿದ ಮೇಲೆ ಸಂಜೆ ಹೊತ್ತು ಅವಳು ಮನೆಮನೆಗೆ ಹೋಗಿ ಫ್ರಿಜ್ ರಿಪೇರಿ ಮಾಡತೊಡಗಿದಳು. ಯಾವ ಆರೋಪ ಹೊರಿಸಿ ಅವಳ ಅನ್ನ ಕಿತ್ತುಕೊಂಡರೋ ಅದೇ ಈಗ ಅವಳ ಅನ್ನವಾಯಿತು.

ಮೇಲ್ಮನವಿ ಬರೆಯಲೆಂದು ಕಚೇರಿಯಿಂದ ನಿಯಮಗಳ ಪುಸ್ತಕ ತಂದು ಟೀಚರಮ್ಮನ ಜೊತೆ ಕೂತು ಓದಿದಳು. ಅವಳಿಗೆ ಬೇಕಾದದ್ದು ಅಲ್ಲಿ ಅರ್ಧಂಬರ್ಧ ಸಿಕ್ಕಿತು. ಬೇಡವಾದದ್ದು ಪೂರ್ತಿ ಸಿಕ್ಕಿತು: ಓದಲು ಬಿಡದೆ, ದಾರಿ ತಪ್ಪಿಸಿ ರಾಜೀನಾಮೆಗೆ ಸಹಿ ಹಾಕಿಸಿಕೊಂಡಿದ್ದರೆ, ಕಾರ್ಖಾನೆ ಮುಚ್ಚಿದ ಒಂದು ವರ್ಷದೊಳಗೆ ಅರ್ಜಿ ಹಾಕಿ ಅದನ್ನು ರದ್ದು ಮಾಡಿಸಬಹುದು. ಹತ್ತು ತಿಂಗಳು ಆಗಲೇ ಕಳೆದಿತ್ತು.

ನಾಲ್ಕು ದಿನ ಆ ಪುಟವನ್ನು ಮಡಚಿಟ್ಟಳು. ಅನುಭವಿಸಲಿ ಎಂದುಕೊಂಡಳು. ಐದನೆಯ ದಿನ, ತನ್ನ ಮೇಲೇ ಸಿಡುಕುತ್ತ, ಅಕ್ಕನ ಹೆಸರಿನಲ್ಲಿ ಅರ್ಜಿ ಬರೆದು ಬೀದಿ ದಾಟಿದಳು.

ಬಾಗಿಲು ತೆಗೆದ ಅಕ್ಕ ಒಳಗೆ ಬಾ ಅನ್ನಲಿಲ್ಲ. “ಏನು?”

“ಸಹಿ ಬೇಕು.”

“ನಿನ್ನ ಕಾಗದಕ್ಕೆ ನಾನ್ಯಾಕೆ ಸಹಿ ಹಾಕ್ಲಿ?”

“ನನ್ನದಲ್ಲ, ನಿನ್ನದೇ.”

ಅಕ್ಕ ಹೊಸ್ತಿಲಲ್ಲೇ ನಿಂತು, ನೆಲ ಒರೆಸಿ ಸುಲಿದು ಬೊಬ್ಬೆಗಟ್ಟಿದ ಬೆರಳನ್ನು ಪ್ರತಿ ಸಾಲಿನ ಕೆಳಗೂ ಎಳೆಯುತ್ತ ಓದಿದಳು. ಸೂಜಿಯ ಕಾಲು ಜೋಮು ಹಿಡಿದರೂ ಓದು ಮುಗಿಯಲಿಲ್ಲ.

“ನಾನು ಕೆಲಸ ಮಾಡಿದ್ದು ಹದಿನೇಳು ವರ್ಷ ಅಲ್ಲ, ಇಪ್ಪತ್ತೆರಡು. ಅದೂ ಗೊತ್ತಿಲ್ಲ ನಿನಗೆ.”

“ತಿದ್ದಿದ್ರೆ ಆಯ್ತು.”

“‘ಓದಲು ಬಿಡಲಿಲ್ಲ’ ಅಂತ ಬರೆದಿದ್ದೀಯ. ನಾನು ಹೇಳಿದ್ರೆ ಅವರು ನಂಬ್ತಾರಾ? ಸಾಕ್ಷಿ ಎಲ್ಲಿ?”

“ಯಾರನ್ನಾದ್ರೂ ಕೇಳೋಣ.”

“ಯಾರನ್ನೋ ಯಾಕೆ?” ಅಕ್ಕ ಕಾಗದ ಚಾಚಿದಳು. “ನೋಡಿದೋಳು ನೀನು. ಬರಿ. ಓದಿದ್ದೆ, ಅಕ್ಕನನ್ನ ನೋಡಿದೆ, ಹೇಳಲಿಲ್ಲ ಅಂತ ಬರಿ.”

ಸೂಜಿಗೆ ಪರಪರ ಹರಿದು ಬಿಸಾಡಿ ಹೊರಟುಬಿಡಲೇ ಎನಿಸಿತು. ಅಕ್ಕ ಬಾಗಿಲಿಗೆ ಒರಗಿ ಕಾಯುತ್ತಿದ್ದಳು. ಸೂಜಿ ಕಾಗದವನ್ನು ಗೋಡೆಗೆ ಒತ್ತಿಹಿಡಿದು ಬರೆದಳು: ‘ಅದು ರಾಜೀನಾಮೆ ಎಂದು ಮ್ಯಾನೇಜರು ಯಾರಿಗೂ ತಿಳಿಸಲಿಲ್ಲ, ಓದುವಷ್ಟು ಹೊತ್ತು ಕೊಡಲಿಲ್ಲ. ನಾನು ಹಟ ಮಾಡಿ ಓದಿದೆ. ಅಕ್ಕ ಓದದೆ ಸಹಿ ಹಾಕಲಿದ್ದಾಳೆಂದು ಗೊತ್ತಿದ್ದೂ ನಾನು ಅವಳಿಗೆ ಹೇಳಲಿಲ್ಲ.’ ಗೋಡೆಯ ಗಾರೆಗೆ ಸಿಕ್ಕಿ ಅಕ್ಷರಗಳೆಲ್ಲ ಸೊಟ್ಟಗಾದವು.

ಅಕ್ಕ ಅದನ್ನೂ ಬೆರಳಿಟ್ಟು ಓದಿ, ಸಹಿ ಹಾಕಿ, ಬಾಗಿಲು ಹಾಕಿಕೊಂಡಳು.

ಸೂಜಿಯ ಮೇಲ್ಮನವಿಯನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು. ಅವಳು ಕೋರ್ಸು ಮುಗಿಸಿ ಹಣ್ಣಿನ ಶೀತಲಗೃಹವೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅಲ್ಲಿಯೂ ಮೊದಲ ತಿಂಗಳಲ್ಲೇ ಇಬ್ಬರೊಡನೆ ಮಾತು ಬಿಟ್ಟಳು. ಅಕ್ಕನ ಅರ್ಜಿ ಗೆದ್ದಿತು. ಸುದ್ದಿ ತಂದವನು ಭಾವ.

“ಭತ್ಯೆ ಮಂಜೂರಾಯ್ತು. ಸಾಕ್ಷಿಯ ಹೇಳಿಕೆ ನೋಡಿ ಕೊಟ್ಟಿದ್ದೀವಿ ಅಂತ ಬರೆದಿದ್ದಾರೆ.”

“ಅಕ್ಕ ಏನಂದಳು?”

ಭಾವ ಬೆನ್ನು ನೀವಿಕೊಂಡ. “ನಿನ್ನ ಪಾತ್ರೆ ಎರಡು ನಮ್ಮನೇಲೇ ಉಳಿದಿವೆಯಂತೆ. ಜಾಗಕ್ಕೆ ಅಡ್ಡವಾಗಿವೆ, ಬಂದು ತಗೊಂಡು ಹೋಗಬೇಕಂತೆ.”

“ಬೇಕಾದ್ರೆ ಅವಳೇ ತಂದು ಕೊಡಲಿ ಅನ್ನಿ.”

“ನಾನೇನು ನಿಮ್ಮಿಬ್ಬರ ಟಪಾಲು ಹಂಚೋಕೆ ಹುಟ್ಟಿದೀನಾ?” ಎಂದು ಭಾವ ಗೊಣಗುತ್ತ ಬೀದಿ ದಾಟಿದ. ಪಾತ್ರೆಗಳು ಇನ್ನೂ ಅಲ್ಲೇ ಇವೆ.